ಹರಾಜಿಗೆ ನಿಂತ ಗಾಡಿ ಯಾವ ದಾರಿಯಿಂದ ಬಂತು?

ಕಲಬುರಗಿಯ ರಿಂಗ್ ರೋಡ್ ದಾಟಿ ಹೆದ್ದಾರಿ ಹಿಡಿದರೆ, ರಸ್ತೆಗೆ ಹೊಂದಿದ ಬಯಲುಗಳಲ್ಲಿ ತಂತಿಬೇಲಿಯ ಒಳಗೆ ಸಾಲಾಗಿ ನಿಂತ ವಾಹನಗಳು ಕಾಣುತ್ತವೆ. ಟ್ರ್ಯಾಕ್ಟರ್, ಟಂಟಂ, ಕ್ರೂಸರ್, ಪಿಕಪ್, ಟಿಪ್ಪರ್, ನಡುನಡುವೆ ಕಾರು, ಒಂದು ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡ ಬೈಕುಗಳು. ಎಲ್ಲದರ ಮೇಲೂ ಒಂದೇ ಬಣ್ಣದ ಧೂಳು ಕೂತಿರುತ್ತದೆ. ನಮ್ಮ ಕಡೆಯ ಜನ ಇವೆಲ್ಲಕ್ಕೂ ‘ಸೀಜಿಂಗ್ ಗಾಡಿ’ ಎಂಬ ಒಂದೇ ಹೆಸರು ಇಟ್ಟಿದ್ದಾರೆ. ಕಂತು ಕಟ್ಟದ ಕಾರಣಕ್ಕೆ ಫೈನಾನ್ಸ್ ಕಂಪನಿ ಎಳೆದುತಂದದ್ದೂ, ಮರಳು ಸಾಗಿಸುವಾಗ ಅಧಿಕಾರಿಗಳು ಹಿಡಿದದ್ದೂ, ಅಪಘಾತದ ನಂತರ ವಿಮಾ ಕಂಪನಿಯ ಪಾಲಿಗೆ ಬಂದದ್ದೂ ಆ ಹೆಸರಿನೊಳಗೇ ಸೇರಿಹೋಗುತ್ತವೆ. ಕೊಳ್ಳುವವರು ನಷ್ಟಕ್ಕೆ ಬೀಳುವುದು ಬಹುಪಾಲು ಇಲ್ಲಿಯೇ. ಹರಾಜಿನಲ್ಲಿ ವಾಹನದ ಬಗೆಯನ್ನು ಅದರ ಕಂಪನಿ, ಮಾಡೆಲ್ ನೋಡಿ ತೀರ್ಮಾನಿಸುವುದಕ್ಕಿಂತ ಮೊದಲು ಅದು ಯಾವ ದಾರಿಯಿಂದ ಅಲ್ಲಿಗೆ ಬಂತು ಎಂಬುದನ್ನು ತಿಳಿಯಬೇಕು. ಏಕೆಂದರೆ ಅದರ ಕಾಗದಪತ್ರ ಕೈಗೆ ಸಿಗುತ್ತದೆಯೇ, ಸಿಕ್ಕರೆ ಎಷ್ಟು ದಿನಕ್ಕೆ, ಅದು ಮತ್ತೆ ರಸ್ತೆಗೆ ಇಳಿಯಬಹುದೇ ಎಂಬುದೆಲ್ಲ ಆ ದಾರಿಯನ್ನೇ ಅವಲಂಬಿಸಿದೆ.

ಹಿಂದೆ ಸವಾಲು (ಹರಾಜು) ಎಂದರೆ ಕಚೇರಿಯ ಅಂಗಳದಲ್ಲಿ ಹತ್ತಾರು ಜನ ನಿಂತು ಕೂಗುವುದಾಗಿತ್ತು. ಈಗ ಬಹುಪಾಲು ವ್ಯವಹಾರ ಮೊಬೈಲಿನಲ್ಲಿ ನಡೆಯುತ್ತದೆ. ಠೇವಣಿ ಕಟ್ಟಿ ಹೆಸರು ನೋಂದಾಯಿಸಿದವರಿಗೆ ಲಾಟ್ ಸಂಖ್ಯೆ, ಹತ್ತೆಂಟು ಫೋಟೊ ಮತ್ತು ಯಾರ್ಡಿನ ವಿಳಾಸ ಸಿಗುತ್ತದೆ. ನಿಗದಿತ ಗಂಟೆಯೊಳಗೆ ಬೆಲೆ ಏರಿಸುತ್ತಾ ಹೋಗಬೇಕು. ಅತಿ ಹೆಚ್ಚು ಬೆಲೆ ಹೇಳಿದ ಮಾತ್ರಕ್ಕೆ ಗಾಡಿ ನಿಮ್ಮದಾಗುವುದಿಲ್ಲ. ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಆ ಬೆಲೆಗೆ ಒಪ್ಪಿಗೆ ಕೊಟ್ಟ ಮೇಲೆಯೇ ಮಾರಾಟ ಪಕ್ಕಾ ಆಗುವುದು ಸಾಮಾನ್ಯ ಷರತ್ತು. ಇನ್ನೊಂದು ಷರತ್ತು ಬಹುತೇಕ ಎಲ್ಲ ಹರಾಜುಗಳಲ್ಲೂ ಇರುತ್ತದೆ. ವಾಹನವನ್ನು ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ ಮಾರಲಾಗುತ್ತದೆ. ಎಂಜಿನ್ ಸೀಳಿದ್ದರೂ, ಬ್ಯಾಟರಿ ಕಳೆದುಹೋಗಿದ್ದರೂ, ಟೈರ್ ಬದಲಾಗಿದ್ದರೂ ನಂತರ ತಕರಾರು ಎತ್ತುವಂತಿಲ್ಲ. ಫೋಟೊ ನೋಡಿ ಬೆಲೆ ಕೂಗಿದವರು ಈ ಷರತ್ತಿನ ಅರ್ಥವನ್ನು ಯಾರ್ಡಿಗೆ ಹೋದ ದಿನ ತಿಳಿದುಕೊಳ್ಳುತ್ತಾರೆ.

ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ರೈತರಿಗೆ ಮುಖ್ಯವಾಗುವುದು ಸಾಲದ ಬಾಕಿಯಿಂದ ಬಂದ ವಾಹನಗಳು, ಅವುಗಳಲ್ಲೂ ಟ್ರ್ಯಾಕ್ಟರ್. ಕಾರಣ ನಮ್ಮ ಬೆಳೆಯಲ್ಲೇ ಇದೆ. ತೊಗರಿಯನ್ನು ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್-ಜನವರಿಗೆ. ಟ್ರ್ಯಾಕ್ಟರ್ ಸಾಲದ ಕಂತನ್ನು ತಿಂಗಳಿಗೊಮ್ಮೆ ಇಡದೆ ಆರು ತಿಂಗಳಿಗೊಮ್ಮೆ ಇಡುವ ರೂಢಿ ಬೆಳೆದಿರುವುದು ಈ ಲೆಕ್ಕದ ಮೇಲೆಯೇ. ಆದರೆ ಒಂದೇ ಬೆಳೆಗೆ ಜೋತುಬಿದ್ದ ಕಂತು ಆ ಒಂದು ಬೆಳೆ ಕೈಕೊಟ್ಟರೆ ಪೂರ್ತಿ ನಿಂತುಹೋಗುತ್ತದೆ. 2022ರ ಕೊನೆಯಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿದ್ದನ್ನು ಕಲಬುರಗಿ ಜಿಲ್ಲೆಯ ರೈತರು ಮರೆತಿಲ್ಲ. ಅಂಥ ವರ್ಷದಲ್ಲಿ ತಪ್ಪಿಹೋಗುವುದು ಒಂದು ತಿಂಗಳ ಕಂತಲ್ಲ, ಅರ್ಧ ವರ್ಷದ್ದು. ಅದನ್ನು ಮುಂದಿನ ರಾಶಿಯವರೆಗೆ ಸರಿದೂಗಿಸಲು ಬೇರೆ ಆದಾಯವಿಲ್ಲದವನ ಮನೆ ಮುಂದೆ ವಸೂಲಿಯವರು ಬಂದು ನಿಲ್ಲುತ್ತಾರೆ. ಆದ್ದರಿಂದ ಯಾರ್ಡಿನಲ್ಲಿ ನಿಂತ ಟ್ರ್ಯಾಕ್ಟರನ್ನು ಬೇಜವಾಬ್ದಾರಿ ಸಾಲಗಾರನ ಸ್ವತ್ತು ಎಂದು ಭಾವಿಸುವುದು ತಪ್ಪು. ಎಷ್ಟೋ ಸಲ ಅದು ಚೆನ್ನಾಗಿ ನೋಡಿಕೊಂಡ, ಮೂರ್ನಾಲ್ಕು ವರ್ಷ ಮಾತ್ರ ದುಡಿದ ಯಂತ್ರವಾಗಿರುತ್ತದೆ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳುವಂತೆಯೂ ಇಲ್ಲ. ಟ್ರ್ಯಾಕ್ಟರಿನ ದುಡಿಮೆಯನ್ನು ಅಳೆಯುವುದು ಕಿಲೋಮೀಟರಿನಿಂದ ಅಲ್ಲ, ಗಂಟೆಯಿಂದ. ಜೇವರ್ಗಿ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ಗಂಟೆಯ ಮೀಟರ್ ನೋಡುವುದಕ್ಕೆ ಮೊದಲು ಕ್ಲಚ್ ಪೆಡಲಿನ ಮೇಲಿನ ಗೀರುಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದುದನ್ನು ಕಂಡಿದ್ದೇನೆ. ಮೀಟರ್ ಸಾವಿರದೆಂಟುನೂರು ಗಂಟೆ ತೋರಿಸುತ್ತಿದ್ದು ಪೆಡಲ್ ನುಣ್ಣಗೆ ಸವೆದಿದ್ದರೆ ಆ ಮೀಟರನ್ನು ಅವರು ನಂಬುತ್ತಿರಲಿಲ್ಲ. ಕಬ್ಬಿನ ಟ್ರಾಲಿ ಎಳೆದ ಟ್ರ್ಯಾಕ್ಟರಿಗೂ ಹೊಲದಲ್ಲಿ ರಂಟೆ, ಕುಂಟೆ ಹೊಡೆದ ಟ್ರ್ಯಾಕ್ಟರಿಗೂ ಸವೆತದ ಜಾಗವೇ ಬೇರೆ. ಅಫಜಲಪುರ, ಭಾಲ್ಕಿ, ಹುಮನಾಬಾದ್ ಭಾಗದಲ್ಲಿ ಸಕ್ಕರೆ ಕಾರ್ಖಾನೆಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಓಡಿದ ಯಂತ್ರದಲ್ಲಿ ಗೇರ್ ಬಾಕ್ಸ್, ಬ್ರೇಕ್ ಮತ್ತು ಹಿಂದಿನ ಕೊಂಡಿ ದಣಿದಿರುತ್ತವೆ; ಎರೆಭೂಮಿಯಲ್ಲಿ ಉತ್ತದ್ದರಲ್ಲಿ ಹೈಡ್ರಾಲಿಕ್ ಮತ್ತು ಮುಂದಿನ ಆಕ್ಸಲ್ ಕಡೆ ಕಣ್ಣು ಹಾಯಿಸಬೇಕು.

ಇಷ್ಟೂ ಯಂತ್ರದ ಮಾತು. ಕಾಗದದ ಮಾತು ಇದಕ್ಕಿಂತ ಕಠಿಣವಾದದ್ದು. ಸಾಲದ ಮೇಲೆ ಕೊಂಡ ವಾಹನದ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಮಾಲೀಕನ ಹೆಸರಿನ ಜೊತೆಗೆ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಕಂಪನಿ ಗಾಡಿಯನ್ನು ವಶಕ್ಕೆ ಪಡೆದರೂ ಆರ್‌ಟಿಒ ದಾಖಲೆಯಲ್ಲಿ ಮಾಲೀಕ ಹಳೆಯವನೇ. ಅವನು ವರ್ಗಾವಣೆಯ ಅರ್ಜಿಗೆ ಸಹಿ ಹಾಕಿ ಆರ್‌ಸಿ ಒಪ್ಪಿಸಿದರೆ ಕೆಲಸ ಸುಲಭ. ಆದರೆ ಗಾಡಿ ಕಳೆದುಕೊಂಡ ಸಿಟ್ಟಿನಲ್ಲಿರುವವನು ಹಾಗೆ ಒಪ್ಪಿಸುವುದು ಅಪರೂಪ. ಅಂಥ ಸಂದರ್ಭಕ್ಕೆಂದೇ 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ನಿನಲ್ಲಿ ಒಂದು ವ್ಯವಸ್ಥೆ ಇದೆ. ಸಾಲಗಾರ ಬಾಕಿದಾರನಾಗಿದ್ದು ಆರ್‌ಸಿ ಕೊಡಲು ಒಪ್ಪುತ್ತಿಲ್ಲ ಅಥವಾ ತಲೆಮರೆಸಿಕೊಂಡಿದ್ದಾನೆ ಎಂಬುದನ್ನು ಕಂಪನಿ ನೋಂದಣಿ ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟರೆ, ಅಧಿಕಾರಿ ಹಳೆಯ ಮಾಲೀಕನಿಗೆ ನೋಟಿಸ್ ಕೊಟ್ಟು ಅವನ ಮಾತನ್ನೂ ಕೇಳಿ, ಹಳೆಯ ಆರ್‌ಸಿ ರದ್ದುಪಡಿಸಿ ಕಂಪನಿಯ ಹೆಸರಿಗೆ ಹೊಸದನ್ನು ಕೊಡಬಹುದು. ಅಲ್ಲಿಂದ ಅದು ಹರಾಜಿನಲ್ಲಿ ಕೊಂಡವನ ಹೆಸರಿಗೆ ಬರಬೇಕು. ಇದಕ್ಕೆ ಹಿಡಿಯುವ ಕಾಲವನ್ನು ಯಾರ್ಡಿನಲ್ಲಿ ಯಾರೂ ಹೇಳುವುದಿಲ್ಲ.

ನನ್ನ ಸೋದರಮಾವ ಹೀಗೆ ಒಂದು ಟ್ರ್ಯಾಕ್ಟರ್ ಕೊಂಡರು. ದುಡ್ಡು ಕಟ್ಟಿದ ವಾರದಲ್ಲಿ ಗಾಡಿ ಮನೆಗೆ ಬಂತು. ಆರ್‌ಸಿ ಕೈಸೇರಲು ಹದಿನಾಲ್ಕು ತಿಂಗಳು ಹಿಡಿಯಿತು. ಕಂಪನಿಯ ಸ್ಥಳೀಯ ಕಚೇರಿಯವರು ಕೇಳಿದಾಗಲೆಲ್ಲ ಕಾಗದ ಬೆಂಗಳೂರಿನಿಂದ ಬರಬೇಕು ಎಂದರು. ಆ ಹದಿನಾಲ್ಕು ತಿಂಗಳೂ ಮಾವ ತಮ್ಮ ಹೆಸರಿನಲ್ಲಿ ವಿಮೆ ಮಾಡಿಸಲಾಗದೆ, ಟ್ರ್ಯಾಕ್ಟರನ್ನು ಊರ ಗಡಿ ದಾಟಿಸದೆ ಹೊಲದಲ್ಲಷ್ಟೇ ಓಡಿಸಿದರು. ಕಡೆಗೆ ಆರ್‌ಸಿ ಬಂದಾಗ ತಿಳಿದದ್ದು ಇನ್ನೊಂದು ಸಂಗತಿ: ಅದು ಟ್ರ್ಯಾಕ್ಟರಿಗೆ ಮಾತ್ರ ಸೇರಿದ್ದು. ಟ್ರಾಲಿಗೆ ಬೇರೆಯೇ ನೋಂದಣಿ ಇರಬೇಕು, ಅದು ಇರಲಿಲ್ಲ. ಹರಾಜಿನ ಪಟ್ಟಿಯಲ್ಲಿ ‘ಟ್ರ್ಯಾಕ್ಟರ್ ಮತ್ತು ಟ್ರಾಲಿ’ ಎಂದು ಬರೆದಿದ್ದರೆ ಎರಡು ನೋಂದಣಿ ಸಂಖ್ಯೆ ಇವೆಯೇ ಎಂದು ಮೊದಲೇ ಕೇಳುವುದು ಅತ್ಯಗತ್ಯವೆಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಬಾಡಿಗೆಗೆ ಓಡುವ ವಾಹನಗಳ ಕಥೆ ಸ್ವಲ್ಪ ಬೇರೆ. ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳನ್ನು ನಂಬಿ ಕೊಂಡ ಟಿಪ್ಪರು, ಲಾರಿಗಳು, ಹಳ್ಳಿಯಿಂದ ತಾಲ್ಲೂಕಿಗೆ ಜನ ಸಾಗಿಸುವ ಕ್ರೂಸರ್ ಮತ್ತು ಟಂಟಂ, ತರಕಾರಿ ಹೊರುವ ಮಿನಿ ಗೂಡ್ಸ್ ಗಾಡಿಗಳು ಹರಾಜಿಗೆ ಬರುವಾಗ ತಮ್ಮ ಜೊತೆ ಮೂರು ಬಾಕಿಗಳನ್ನು ಹೊತ್ತು ಬರುತ್ತವೆ: ತೆರಿಗೆ, ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ, ಪರ್ಮಿಟ್. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಯಾರ್ಡಿನಲ್ಲಿ ವರ್ಷ ಕಳೆದ ಗಾಡಿಯ ಎಫ್‌ಸಿ ಮುಗಿದಿರುವ ಸಂಭವವೇ ಹೆಚ್ಚು. ಪರ್ಮಿಟ್ ಗಾಡಿಯ ಜೊತೆ ತಾನಾಗಿ ವರ್ಗವಾಗುವುದಿಲ್ಲ, ಅದಕ್ಕೆ ಪ್ರಾಧಿಕಾರದ ಅನುಮತಿ ಬೇಕು. ತೆರಿಗೆ ಬಾಕಿ ತೀರದೆ ಹೆಸರು ಬದಲಾಗುವುದಿಲ್ಲ. ಆ ಬಾಕಿ ಯಾರದು ಎಂಬ ಪ್ರಶ್ನೆ ಉತ್ತರ ಪ್ರದೇಶದ ತೆರಿಗೆ ಕಾಯ್ದೆಯಡಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸಾಲಕೊಟ್ಟ ಸಂಸ್ಥೆ ಸಾರಿಗೆ ವಾಹನವನ್ನು ವಶಕ್ಕೆ ಪಡೆದ ದಿನದಿಂದ ತೆರಿಗೆಯ ಹೊಣೆ ಆ ಸಂಸ್ಥೆಯದೇ ಎಂದು 2022ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಆದರೆ ಹರಾಜಿನ ಷರತ್ತುಗಳಲ್ಲಿ ‘ಎಲ್ಲ ಬಾಕಿಗಳೂ ಕೊಳ್ಳುವವರ ಹೊಣೆ’ ಎಂಬ ಸಾಲು ಇದ್ದು ನೀವು ಅದಕ್ಕೆ ಒಪ್ಪಿದ್ದರೆ, ಕೈಯಿಂದ ಕಟ್ಟುವವರು ನೀವೇ ಆಗುತ್ತೀರಿ. ಬೆಲೆ ಕೂಗುವ ಮುನ್ನ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿ ತೆರಿಗೆ, ವಿಮೆ, ಎಫ್‌ಸಿ ಅವಧಿ ಮತ್ತು ಬಾಕಿ ಇರುವ ದಂಡಗಳನ್ನು ನೋಡಲು ಹತ್ತು ನಿಮಿಷ ಸಾಕು.

ಕಾರುಗಳ ವಿಷಯದಲ್ಲಿ ನಮ್ಮ ಭಾಗಕ್ಕೆ ವಿಶೇಷವಾದ ತೊಡಕೆಂದರೆ ಗಡಿ. ಬೀದರಿನವರಿಗೆ ಜಹೀರಾಬಾದ್, ಹೈದರಾಬಾದ್ ಹತ್ತಿರ. ಕಲಬುರಗಿಯವರಿಗೆ ಸೊಲ್ಲಾಪುರ ದೂರವಲ್ಲ. ಆ ಊರುಗಳ ಹರಾಜಿನಲ್ಲಿ ಕಾರು ಅಗ್ಗವಾಗಿ ಸಿಕ್ಕಿತೆಂದು ಕೊಂಡವರು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಿ, ಬೀದರಿನ ಕೆಎ 38 ಅಥವಾ ಕಲಬುರಗಿಯ ಕೆಎ 32ರ ಹೊಸ ಸಂಖ್ಯೆ ಪಡೆಯಬೇಕು. ಹೊರ ರಾಜ್ಯದ ಸಂಖ್ಯೆಯಲ್ಲೇ ಓಡಿಸಿದರಾಯಿತು ಎನ್ನುವವರಿಗೆ ಕಾಯ್ದೆ ಕೊಡುವ ಕಾಲಾವಕಾಶ ಹನ್ನೆರಡು ತಿಂಗಳು. ಹರಾಜಿನಲ್ಲಿ ಉಳಿದಂತೆ ಕಂಡ ಹಣ ಈ ತೆರಿಗೆಯಲ್ಲಿ ಕರಗುವುದುಂಟು.

ಪೊಲೀಸ್ ಠಾಣೆಗಳ ಆವರಣದಲ್ಲಿ ತುಕ್ಕು ಹಿಡಿಯುತ್ತಿರುವ ಬೈಕುಗಳನ್ನು ನೋಡದವರಿಲ್ಲ. ಜಪ್ತಿ ಮಾಡಿದ ವಾಹನಗಳನ್ನು ಹೀಗೆ ವರ್ಷಗಟ್ಟಲೆ ನಿಲ್ಲಿಸಿ ಹಾಳುಮಾಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಇದಕ್ಕೆ ಗಡುವನ್ನೇ ಹಾಕಿದೆ: ನ್ಯಾಯಾಲಯದ ಮುಂದೆ ಹಾಜರುಪಡಿಸಿದ ವಸ್ತುವಿನ ವಿವರಪಟ್ಟಿಯನ್ನು 14 ದಿನಗಳಲ್ಲಿ ಸಿದ್ಧಪಡಿಸಿ, ಫೋಟೊ ಅಥವಾ ವಿಡಿಯೊ ತೆಗೆಸಿ, ಆ ಬಳಿಕ 30 ದಿನಗಳೊಳಗೆ ಅದನ್ನು ಏನು ಮಾಡಬೇಕೆಂದು ಆದೇಶಿಸಬೇಕು. ಈ ಗಡುವು ನಿಜವಾಗಿ ಪಾಲನೆಯಾದರೆ ಕಬ್ಬಿಣದ ತೂಕಕ್ಕೆ ಹೋಗುವ ಎಷ್ಟೋ ಬೈಕುಗಳು ಓಡುವ ಸ್ಥಿತಿಯಲ್ಲೇ ಹರಾಜಿಗೆ ಬರುತ್ತವೆ, ಸರ್ಕಾರಕ್ಕೂ ಹೆಚ್ಚು ಹಣ ಬರುತ್ತದೆ. ವಾರಸುದಾರರಿಲ್ಲದ ವಾಹನಗಳದ್ದು ಇನ್ನೊಂದು ಬಗೆ. ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾದ ಮೇಲೂ ಯಾರೂ ಬಾರದಿದ್ದರೆ ಅವನ್ನು ಮಾರಬಹುದು. ವಿಮೆಯಿಲ್ಲದೆ ಓಡಿ ಅಪಘಾತ ಮಾಡಿದ ವಾಹನವನ್ನು ಮಾಲೀಕ ಸಾಕಷ್ಟು ಭದ್ರತೆ ಕೊಟ್ಟು ಬಿಡಿಸಿಕೊಳ್ಳದಿದ್ದರೆ ಮೂರು ತಿಂಗಳ ನಂತರ ಮ್ಯಾಜಿಸ್ಟ್ರೇಟರು ಹರಾಜು ಹಾಕಿಸಬೇಕು, ಬಂದ ಹಣ ಪರಿಹಾರ ನ್ಯಾಯಮಂಡಳಿಗೆ ಸಲ್ಲಬೇಕು ಎಂಬ ನಿಯಮ 2022ರ ಏಪ್ರಿಲಿನಿಂದ ಇದೆ. ಸತ್ತವರ, ಗಾಯಗೊಂಡವರ ಕುಟುಂಬಕ್ಕೆ ಅಷ್ಟಾದರೂ ಸಿಗಲೆಂಬುದು ಅದರ ಉದ್ದೇಶ.

ಭೀಮಾ, ಕೃಷ್ಣಾ ದಡದ ತಾಲ್ಲೂಕುಗಳಲ್ಲಿ ಅಕ್ರಮ ಮರಳು ಸಾಗಣೆಯಲ್ಲಿ ಸಿಕ್ಕ ಟ್ರ್ಯಾಕ್ಟರ್, ಟಿಪ್ಪರ್‌ಗಳು, ಗಡಿಯಲ್ಲಿ ಅಬಕಾರಿಯವರು ಹಿಡಿದ ಗಾಡಿಗಳು, ಪಡಿತರ ಅಕ್ಕಿ ತುಂಬಿಕೊಂಡು ಹೊರಟಾಗ ಸಿಕ್ಕ ಲಾರಿಗಳು ಪ್ರತ್ಯೇಕ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ವಶ ಬೇರೆ, ಮುಟ್ಟುಗೋಲು ಬೇರೆ. ಹಿಡಿದು ನಿಲ್ಲಿಸಿದ ಮಾತ್ರಕ್ಕೆ ವಾಹನ ಸರ್ಕಾರದ್ದಾಗುವುದಿಲ್ಲ. ಗಣಿ ಕಾಯ್ದೆಯಡಿ ನ್ಯಾಯಾಲಯದ ಆದೇಶ, ಅಗತ್ಯ ವಸ್ತುಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯ ಆದೇಶ, ಹೀಗೆ ಆಯಾ ಕಾಯ್ದೆ ಹೇಳಿದ ಆದೇಶ ಆಗಿ, ಮೇಲ್ಮನವಿಯ ಅವಧಿಯೂ ಕಳೆದಿದ್ದರೆ ಮಾತ್ರ ಕೊಂಡವನ ಹಕ್ಕು ಗಟ್ಟಿ. ಹರಾಜಿನ ಪ್ರಕಟಣೆಯಲ್ಲಿ ಆ ಆದೇಶದ ಸಂಖ್ಯೆ ಮತ್ತು ದಿನಾಂಕ ಕೇಳಿ ಪಡೆಯಬೇಕು. ಸರ್ಕಾರದ ಹರಾಜಿನಲ್ಲಿ ಕೊಂಡವರಿಗೆ ಒಂದು ಅನುಕೂಲವಿದೆ: ಹಳೆಯ ಮಾಲೀಕನ ಸಹಿಗಾಗಿ ಅಲೆಯಬೇಕಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 57ನೇ ನಿಯಮದಂತೆ, ಗಾಡಿ ವಶಕ್ಕೆ ಬಂದ 30 ದಿನಗಳಲ್ಲಿ ನಮೂನೆ 32ರಲ್ಲಿ ಅರ್ಜಿ ಹಾಕಿ, ಮಾರಾಟ ಖಚಿತಪಡಿಸಿದ ಪತ್ರ ಮತ್ತು ಹರಾಜಿಗೆ ಅಧಿಕಾರ ಕೊಟ್ಟ ಆದೇಶದ ದೃಢೀಕೃತ ಪ್ರತಿ ಲಗತ್ತಿಸಿದರೆ ಹೆಸರು ವರ್ಗವಾಗುತ್ತದೆ. ನಂಬರ್ ಪ್ಲೇಟೇ ಇಲ್ಲದ, ಅಥವಾ ಸುಳ್ಳು ಸಂಖ್ಯೆ ಹೊತ್ತ ವಾಹನಕ್ಕೂ ಇದೇ ನಿಯಮದಲ್ಲಿ ದಾರಿಯಿದೆ. ಮೊದಲು ಹರಾಜು ಹಾಕಿದ ಇಲಾಖೆಯ ಹೆಸರಿಗೆ ಹೊಸ ಸಂಖ್ಯೆ ಕೊಟ್ಟು, ನಂತರ ಕೊಂಡವರ ಹೆಸರಿಗೆ ದಾಖಲಿಸುತ್ತಾರೆ. ಆದೇಶದ ಪ್ರತಿ ಪಡೆಯದೆ ಗಾಡಿ ಹೊಡೆದುಕೊಂಡು ಬಂದವರು ಮಾತ್ರ ಪರದಾಡುತ್ತಾರೆ.

ಸರ್ಕಾರಿ ಕಚೇರಿಗಳ ಹಳೆಯ ಜೀಪು, ಅಂಬಾಸಿಡರ್‌ಗಳನ್ನು ಸವಾಲಿನಲ್ಲಿ ಕೊಂಡು ರಿಪೇರಿ ಮಾಡಿಸಿ ದಶಕಗಟ್ಟಲೆ ಓಡಿಸಿದವರು ನಮ್ಮಲ್ಲಿ ಬಹಳ ಜನ ಇದ್ದರು. ಆ ಕಾಲ ಮುಗಿದಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ನೋಂದಾಯಿತ ಗುಜರಿ ಘಟಕಗಳಿಗೇ ಹೋಗಬೇಕು. ಇಲಾಖೆಗಳು ಇವನ್ನು ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿಯ ಜಾಲತಾಣದಂಥ ಕಡೆ ಇ-ಹರಾಜಿಗೆ ಇಡುತ್ತವೆ. ‘ಸರ್ಕಾರಿ ಬೊಲೆರೊ ಅಗ್ಗದಲ್ಲಿದೆ, ಕಾಗದ ನಾನು ಮಾಡಿಸಿಕೊಡುತ್ತೇನೆ’ ಎಂದು ಏಜೆಂಟನೊಬ್ಬ ಬಂದರೆ ಅದರ ನೋಂದಣಿ ವರ್ಷ ಯಾವುದೆಂದು ಒಂದೇ ಪ್ರಶ್ನೆ ಕೇಳಿದರೆ ಸಾಕು.

ವಿಮಾ ಕಂಪನಿಗಳ ವಾಹನಗಳ ಬಗ್ಗೆ ನನಗಿರುವ ಭಯ ಹೆಚ್ಚು. ರಿಪೇರಿಯ ಖರ್ಚು ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ 75ನ್ನು ದಾಟಿದರೆ ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ಮಾಲೀಕನಿಗೆ ಪರಿಹಾರ ಕೊಡುವುದು ರೂಢಿ. ಉಳಿದ ಅವಶೇಷ ಹರಾಜಿಗೆ ಬರುತ್ತದೆ. ಬಿಡಿಭಾಗಕ್ಕಾಗಿ ಕೊಳ್ಳುವ ವ್ಯಾಪಾರಿಗೆ ಇದರಲ್ಲಿ ನ್ಯಾಯವಾದ ಲಾಭವಿದೆ. ಅಪಾಯ ಇರುವುದು ಅದೇ ಕಾರು ಬಣ್ಣ ಬಳಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬಂದಾಗ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿ ಕಾರುಗಳು ನೀರಿನಲ್ಲಿ ತೇಲಿಹೋದವು. ಅದೇ ತಿಂಗಳು ಭೀಮೆಯೂ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ನುಗ್ಗಿತ್ತು. ನೀರು ಕುಡಿದ ಕಾರು ಹೊರಗಿನಿಂದ ಹೊಸದರಂತೆ ಹೊಳೆಯಬಹುದು, ಆದರೆ ಒಳಗಿನ ತಂತಿಗಳ ಜೋಡಣೆಯಲ್ಲಿ ತುಕ್ಕು ತಿಂಗಳುಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು ಕಾಣುತ್ತದೆ. ಇನ್ನೊಂದು ಅಪಾಯ ಅಪರಾಧಕ್ಕೆ ಸಂಬಂಧಿಸಿದ್ದು: ನುಜ್ಜುಗುಜ್ಜಾದ ಗಾಡಿಯನ್ನು ಬರಿ ಆರ್‌ಸಿಗಾಗಿ ಕೊಂಡು, ಅದೇ ಮಾಡೆಲಿನ ಕದ್ದ ಗಾಡಿಗೆ ಆ ಚಾಸಿ ಸಂಖ್ಯೆ ಕೊರೆಸಿ ಮಾರುವ ಜಾಲಗಳು ದೇಶದ ಹಲವೆಡೆ ಸಿಕ್ಕಿಬಿದ್ದಿವೆ. ಚಾಸಿ ಸಂಖ್ಯೆಯ ಸುತ್ತ ವೆಲ್ಡಿಂಗ್ ಗುರುತು ಅಥವಾ ಹೊಸ ಬಣ್ಣ ಕಂಡರೆ ಅಲ್ಲಿಂದ ಹೊರಟುಬಿಡುವುದು ಒಳ್ಳೆಯದು.

ಬೆಲೆಯ ಲೆಕ್ಕವನ್ನೂ ಈ ಬಗೆಗಳ ಮೇಲೆಯೇ ಹಾಕಬೇಕು. ಎರಡು ಲಕ್ಷಕ್ಕೆ ಪಿಕಪ್ ಒಂದು ಸವಾಲಾಯಿತೆಂದು ಇಟ್ಟುಕೊಳ್ಳೋಣ. ಅದರ ಮೇಲೆ ಹರಾಜು ಸಂಸ್ಥೆಯ ಶುಲ್ಕ, ಆ ಶುಲ್ಕದ ಮೇಲಿನ ಜಿಎಸ್‌ಟಿ, ಕೆಲವೆಡೆ ಯಾರ್ಡಿನ ದಿನಬಾಡಿಗೆ, ಹಳೆಯ ತೆರಿಗೆ, ದಂಡ, ಎಫ್‌ಸಿ, ವಿಮೆ, ಬ್ಯಾಟರಿ, ಟೈರು, ಮಿಸ್ತ್ರಿಯ ಕೂಲಿ ಸೇರಿಸಿ ನೋಡಿದಾಗ ಅದು ಊರಿನ ಪರಿಚಯದವರಿಂದ ಕಾಗದ ಸಮೇತ ಕೊಳ್ಳುವ ಬೆಲೆಗೆ ಬಂದು ನಿಲ್ಲಬಹುದು. ಆರ್‌ಸಿ ಬರುವವರೆಗೆ ಗಾಡಿ ದುಡಿಯದೆ ನಿಂತರೆ ಆ ತಿಂಗಳುಗಳ ನಷ್ಟವೂ ಇದೇ ಲೆಕ್ಕಕ್ಕೆ ಸೇರಬೇಕು. ಹೆಸರು ವರ್ಗವಾಗದೆ ಓಡಿಸುವುದು ಹಳೆಯ ಮಾಲೀಕನಿಗೂ ಗಂಡಾಂತರ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವಂತೆ, ಗಾಡಿ ಎಷ್ಟು ಕೈ ಬದಲಾಯಿಸಿದ್ದರೂ ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ.

ಅಂದರೆ ಕಂತು ಕಟ್ಟಲಾಗದೆ ಟ್ರ್ಯಾಕ್ಟರ್ ಕಳೆದುಕೊಂಡ ರೈತ, ಯಾರೋ ಅದನ್ನು ಓಡಿಸಿ ಮಾಡಿದ ಅಪಘಾತಕ್ಕೂ ನೋಟಿಸ್ ಪಡೆಯಬಹುದು. ಹರಾಜಿನ ಬಗೆಗಿನ ಮಾತುಕತೆಯಲ್ಲಿ ಕೊಳ್ಳುವವರಿಗೆ ಸಿಗುವ ಸಲಹೆಯ ಕಾಲುಭಾಗವೂ ಅವನಿಗೆ ಸಿಗುವುದಿಲ್ಲ, ಆದ್ದರಿಂದ ಇದನ್ನು ಬರೆಯಲೇಬೇಕು. ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ನ್ಯಾಯಯುತ ವ್ಯವಹಾರ ಸಂಹಿತೆಯಂತೆ, ವಶಪಡಿಸಿಕೊಳ್ಳುವ ಮುನ್ನ ಎಷ್ಟು ದಿನದ ನೋಟಿಸ್, ವಶಕ್ಕೆ ಪಡೆಯುವ ಕ್ರಮ ಯಾವುದು, ಮಾರುವ ಮುನ್ನ ಸಾಲ ತೀರಿಸಲು ಕೊಡುವ ಕೊನೆಯ ಅವಕಾಶ ಯಾವುದು, ಹರಾಜು ಹೇಗೆ ನಡೆಯುತ್ತದೆ ಎಂಬುದೆಲ್ಲ ಸಾಲದ ಕರಾರಿನಲ್ಲೇ ಇರಬೇಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಪೀಡಿಸುವಂತಿಲ್ಲ. ಹರಾಜಿನಲ್ಲಿ ಬಂದ ಹಣ ಸಾಲಕ್ಕಿಂತ ಹೆಚ್ಚಿದ್ದರೆ ಉಳಿಕೆ ಸಾಲಗಾರನಿಗೆ ಸೇರಬೇಕು. ಕಡಿಮೆ ಬಿದ್ದರೆ ಉಳಿದ ಬಾಕಿಗೆ ಅವನೇ ಹೊಣೆಯಾಗಿ ಮುಂದುವರಿಯುತ್ತಾನೆ. ಗಾಡಿ ಹೋಯಿತು, ಸಾಲವೂ ಹೋಯಿತು ಎಂದು ನಂಬಿ ಕೂತವರಿಗೆ ಎರಡು ವರ್ಷದ ನಂತರ ವಕೀಲರ ನೋಟಿಸ್ ಬಂದ ಉದಾಹರಣೆಗಳು ಯಾದಗಿರಿ, ಶಹಾಪುರದ ಕಡೆ ನನ್ನ ಕಣ್ಣೆದುರಿಗೇ ಇವೆ.

ಆದ್ದರಿಂದ ಗಾಡಿ ಎಷ್ಟಕ್ಕೆ ಮಾರಾಟವಾಯಿತು, ಯಾವ ದಿನಾಂಕದಂದು, ಅದನ್ನು ಸಾಲದ ಖಾತೆಗೆ ಹೇಗೆ ಜಮಾ ಮಾಡಲಾಯಿತು, ಆರ್‌ಸಿ ಯಾರ ಹೆಸರಿಗೆ ಯಾವಾಗ ವರ್ಗವಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಸಾಲಗಾರ ಕಂಪನಿಗೆ ಬರಹದಲ್ಲಿ ಕೇಳಿ, ಅದರ ಸ್ವೀಕೃತಿ ಇಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, 2021ರ ನವೆಂಬರಿನಲ್ಲಿ ಆರಂಭವಾದ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಏಕೀಕೃತ ಒಂಬುಡ್ಸ್‌ಮನ್ ವ್ಯವಸ್ಥೆಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.